ದೊರೆಯ ಕಿವಿ

ಚಾಲಕ ಮತ್ತೊಮ್ಮೆ ಕೀಲಿ ತಿರುಗಿಸಿದ. ವ್ಯಾನು ಕರಕರ ಎಂದು ಒಂದಷ್ಟು ಹೊತ್ತು ನರಳಿ ಸುಮ್ಮನಾಯಿತು. ಹಿಂದುಗಡೆ ಬಿಳಿ ಬಟ್ಟೆ ಹೊದ್ದು ದೊರೆ ಮಲಗಿದ್ದ. ಪಕ್ಕದ ಉದ್ದನೆಯ ಸೀಟಿನಲ್ಲಿ ಅವನ ಹೆಂಡತಿ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು.

“ಬಾನೆಟ್ ಎತ್ತು” ಎಂದು ಯಾರೋ ಅಂದದ್ದೇ ತಡ, ಹಿಂದೆ ಸ್ಮಶಾನಕ್ಕೆ ಹೊರಡಲು ನಿಂತಿದ್ದವರೆಲ್ಲ ಮುಂದಕ್ಕೆ ಬಂದರು. ಅವರಲ್ಲಿ ಹೆಚ್ಚಿನವರು ಮೆಕ್ಯಾನಿಕ್‌ಗಳೇ. ಗ್ಯಾರೇಜುಗಳ ಬೀದಿಗೆ ಬೀದಿಯೇ ಶಟರ್ ಎಳೆದು ಬಂದಿತ್ತು. ಇಸ್ತ್ರಿ ಹಾಕಿದ ಅಂಗಿಗಳ ತೋಳು ಮಡಚಿ ಎಲ್ಲರೂ ಎಂಜಿನ್ ಮೇಲೆ ಬಗ್ಗಿದರು.

“ಬ್ಯಾಟರಿ ಕಣೋ.”

“ಬ್ಯಾಟರಿ ಹೋಗಿದ್ರೆ ಇಷ್ಟು ಜೋರಾಗಿ ತಿರುಗ್ತಿತ್ತಾ? ಪ್ಲಗ್ ಬಿಚ್ಚಿ ನೋಡು.”

“ನೀನು ಕಣ್ಣಿಗೆ ಕಂಡಿದ್ದೆಲ್ಲ ಬಿಚ್ತೀಯ. ಆಮೇಲೆ ಜೋಡ್ಸೋಕೆ ನಾವು ಬರ್ಬೇಕು.”

ಸಣ್ಣ ನಗೆಯೊಂದು ಎದ್ದಿತು. ಎಲ್ಲಿ ನಿಂತಿದ್ದೇವೆಂದು ನೆನಪಾಗಿ ಅಲ್ಲೇ ಅಡಗಿತು.

ದೊರೆ ಎನ್ನುವುದು ಆ ಬೀದಿಯವರು ಇಟ್ಟ ಹೆಸರು. ಕರೆದರೆ ತಿರುಗಿ ನೋಡುವವನಲ್ಲ, ನಮಸ್ಕಾರ ಅಂದರೆ ಮರುಮಾತಿಲ್ಲ. ಕೈ ಪಳಗಿದ ಮೇಲೆ ತಲೆ ತಿರುಗಿದೆ ಎಂದು ಆಡಿಕೊಳ್ಳುತ್ತಿದ್ದರು. ರಿಪೇರಿಗೆ ಗಾಡಿ ಬಂದಾಗಲೆಲ್ಲ ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುವ ಹೆಂಡತಿಗೆ ಪೊಲೀಸಮ್ಮ ಎಂಬ ಹೆಸರಿತ್ತು. ಗಂಡನಿಗೆ ಅಷ್ಟೊಂದು ಕಾವಲೇ ಎಂದು ಅವಳ ಮುಂದೆಯೇ ನಗುತ್ತಿದ್ದರು.

ಗುಂಪಿನಿಂದ ದೂರದಲ್ಲಿ, ದೀಪದ ಕಂಬಕ್ಕೆ ಒರಗಿ ಬಿಡಿಭಾಗಗಳ ಅಂಗಡಿಯವನು ನಿಂತಿದ್ದ. ಅವನೂ ದೊರೆಯೂ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಮಧ್ಯಾಹ್ನ ಅಂಗಡಿಯವನ ತಾಯಿ ಬಡಿಸಿದ ಅನ್ನವನ್ನು ಒಂದೇ ತಟ್ಟೆಯಲ್ಲಿ ಉಂಡವರು. ಆದರೆ ವರ್ಷಗಳಿಂದ ಇಬ್ಬರಿಗೂ ಮಾತಿರಲಿಲ್ಲ.

ದೊರೆಯ ಮಗ ಅವನ ಬಳಿ ಹೋದ. ಮಗ ದರ್ಜಿ, ಗಾಡಿಯ ಕೆಲಸ ಅವನಿಗೆ ಒಲಿದಿರಲಿಲ್ಲ.

“ಚಿಕ್ಕಪ್ಪ, ನೀವಾದ್ರೂ ಒಂದ್ಸಲ ನೋಡಿ.”

“ಒಂದ್ ಹಿಡಿ ಮಣ್ಣು ಹಾಕಿ ಹೋಗೋಣ ಅಂತ ಬಂದಿದೀನಪ್ಪ. ನನ್ನನ್ನ ಬಿಟ್ಬಿಡು.”

“ಹಾಗಾದ್ರೆ ಬೇರೆ ಗಾಡಿ ಕರೆಸ್ತೀನಿ. ಅಪ್ಪನ್ನ ಇಳಿಸ್ಬೇಕಾಗುತ್ತೆ ಅಷ್ಟೆ.”

ಆ ಮಾತು ವ್ಯಾನಿನೊಳಗೆ ಕೇಳಿಸಿತು. ಹೆಂಡತಿ ತಲೆಯೆತ್ತಿದಳು.

*

ವರ್ಷಗಳ ಹಿಂದೆ, ದೊರೆಯ ಕಿವಿಯಿಂದ ಮೊದಲು ಹೋದದ್ದು ಸಣ್ಣ ಸದ್ದುಗಳು. ಕಾರಿನವನೊಬ್ಬ ಎಂಜಿನ್ ಒಳಗೆ ಟಿಕ್ ಟಿಕ್ ಅನ್ನುತ್ತಿದೆ ಎಂದ. ದೊರೆ ಕಿವಿಗೊಟ್ಟು ಕೇಳಿ, ಏನೂ ಇಲ್ಲವೆಂದ. ಕಾರಿನವನು ನಕ್ಕು ಗಾಡಿಯನ್ನು ಪಕ್ಕದ ಗ್ಯಾರೇಜಿಗೆ ಒಯ್ದ. ಸಂಜೆ ದೊರೆ ಮನೆಗೆ ಬಂದು, ಕೈಯ ಗ್ರೀಸನ್ನೂ ತೊಳೆಯದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

“ನಂಗೆ ಕೇಳಿಸ್ತಿಲ್ಲ ಕಣೇ.”

“ಏನು ಕೇಳಿಸ್ತಿಲ್ಲ?” ಪಾತ್ರೆ ಉಜ್ಜುತ್ತಲೇ ಅವಳು ಕೇಳಿದಳು.

“ಈಗೇನೋ ಅಂದ್ಯಲ್ಲ. ಅದೂ ಕೇಳಿಸ್ಲಿಲ್ಲ.”

ಮರುದಿನ ಊಟದ ಡಬ್ಬಿ ತಂದವಳು ಮನೆಗೆ ಮರಳಲಿಲ್ಲ. “ನಾನು ಕೇಳ್ತೀನಿ. ನೀವು ಕೈ ಆಡಿಸಿ” ಎಂದು ಸ್ಟೂಲು ಎಳೆದುಕೊಂಡಳು. ಎಂಜಿನ್ನಿನ ಭಾಗಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ. ಕೇಳಿಸಿದ್ದನ್ನು ತನಗೆ ತಿಳಿದ ಮಾತಲ್ಲಿ, ಅವನು ತುಟಿ ನೋಡಿ ತಿಳಿಯುವಂತೆ ಬಿಡಿಸಿ ಹೇಳುತ್ತಿದ್ದಳು. ಬಿಸಿ ಎಣ್ಣೆಗೆ ನೀರು ಬಿದ್ದಂತಿದೆ. ಮುದುಕ ಕೆಮ್ಮಿದಂತಿದೆ.

“ಒಣಕೆಮ್ಮಾ, ಕಫವಾ?”

“ಕಫ ಕಟ್ಟಿದೆ. ಉಗಿಯೋಕೂ ಆಗ್ತಿಲ್ಲ ಪಾಪ.”

ಅವನು ಗೊಳ್ಳನೆ ನಕ್ಕು ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ. ಕೈ ಹಾಕಿದ ಜಾಗ ತಪ್ಪುತ್ತಿದ್ದುದು ಅಪರೂಪ.

ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದರೆ ಮಾತ್ರ ಕೆಂಡವಾಗುತ್ತಿದ್ದ. “ಹಾಕಿದ್ರೆ ಎಲ್ರಿಗೂ ಕಾಣುತ್ತೆ. ಕಿವುಡನ ಹತ್ರ ಯಾರು ಗಾಡಿ ಬಿಡ್ತಾರೆ? ಯಾರಿಗೂ ಬಾಯಿ ಬಿಡ್ಬೇಡ.” ಅವಳು ಬಾಯಿ ಬಿಡಲಿಲ್ಲ.

ಅವಳು ಸಂತೆಗೆ ಹೋಗಿದ್ದ ಒಂದು ದಿನ ಗೆಳೆಯ, ಆ ಬಿಡಿಭಾಗಗಳ ಅಂಗಡಿಯವನು, ಗ್ಯಾರೇಜಿನ ಬಾಗಿಲಿಗೆ ಬಂದು ನಿಂತನಂತೆ. ಹೆಸರು ಹಿಡಿದು ಕರೆದನಂತೆ. ಆಮೇಲೆ ಹೊರಟುಹೋದನಂತೆ. ಸುದ್ದಿ ತಿಳಿದು ದೊರೆ ಅವನ ಮನೆಗೆ ಓಡಿದಾಗ ಗೆಳೆಯನ ತಾಯಿಯ ಮಣ್ಣು ಮುಗಿದಿತ್ತು. ಗೆಳೆಯ ಬಾಗಿಲು ತೆರೆಯಲಿಲ್ಲ.

“ನಾನು ಹೋಗಿ ನಿಜ ಹೇಳ್ಬಿಡ್ಲಾ?” ಎಂದು ಅವಳು ಕೇಳಿದ್ದಳು.

“ಬೇಡ. ಕೋಪ ಇಳಿದ್ಮೇಲೆ ಅವನೇ ಬರ್ತಾನೆ” ಎಂದಿದ್ದ ದೊರೆ.

*

ಅವಳು ವ್ಯಾನಿನಿಂದ ಇಳಿದಳು. “ಎಲ್ಲಾ ಸ್ವಲ್ಪ ಸುಮ್ನಿರಿ.”

ಬಾನೆಟ್ಟಿನ ಸುತ್ತಲಿನ ವಾದ ಒಂದೊಂದಾಗಿ ನಿಂತಿತು.

“ಕೀಲಿ ಕೊಡಪ್ಪ. ಪೂರ್ತಿ ತಿರುಗಿಸ್ಬೇಡ.”

ಚಾಲಕ ಹಾಗೇ ಮಾಡಿದ. ಅವಳು ಹಿಂದಿನ ಚಕ್ರದ ಬಳಿ ಬಗ್ಗಿ, ತಗಡಿಗೆ ಕಿವಿ ಹಚ್ಚಿದಳು. ಮತ್ತೊಮ್ಮೆ ಕೊಡು ಎಂದಳು. ಆಮೇಲೆ ಎದ್ದು, ವ್ಯಾನಿನ ತೆರೆದ ಬಾಗಿಲಿಗೆ ಮುಖ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: “ಇಲ್ಲಿ ಸಣ್ಣಗೆ ದುಂಬಿ ಗುಂಯ್ ಅನ್ಬೇಕಿತ್ತು. ಅಂತಿಲ್ಲ.”

ಹೇಳಿದ ಮೇಲೆ ಉತ್ತರಕ್ಕೆ ಕಾದಳು. ಬಿಳಿ ಬಟ್ಟೆಯ ಅಂಚನ್ನು ಸರಿಮಾಡಿದಳು.

“ಮುಂದಿಂದು ನಂಗೆ ಗೊತ್ತಾಗಲ್ಲ” ಎಂದಳು. “ಮುಂದಿಂದು ಇವರೇ ಹೇಳ್ತಿದ್ರು.”

ಬೀದಿಯವರಿಗೆ ಅರ್ಥವಾಗಲಿಲ್ಲ. ಅವಳು ದೀಪದ ಕಂಬದ ಕಡೆ ತಿರುಗಿದಳು.

“ಅಣ್ಣ, ಇವರಿಗೆ ಕಿವಿ ಕೇಳ್ತಿರಲಿಲ್ಲ.”

ಅಂಗಡಿಯವನು ಕಂಬ ಬಿಟ್ಟು ನೇರವಾಗಿ ನಿಂತ.

“ಯಾವಾಗಿಂದ?”

“ನಿಮ್ಮಮ್ಮ ಹೋಗೋಕಿಂತ ಮುಂಚಿನಿಂದ.”

ಅವನ ಕೈ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. “ನಾನು ಕರೆದೆ ಅತ್ತಿಗೆ. ಬಾಗಿಲಲ್ಲಿ ನಿಂತು ಅಮ್ಮ ಹೋದ್ಲು ಕಣೋ ಅಂದೆ. ಬೆನ್ನು ಹಾಕಿಕೊಂಡು ನಟ್ಟು ತಿರುಗಿಸ್ತಾನೇ ಇದ್ದ.”

“ಗೊತ್ತು ಅಣ್ಣ.”

ಮನೆಯ ಗುಟ್ಟು ಗೊತ್ತಿದ್ದ ಮಗ ತಲೆ ತಗ್ಗಿಸಿದ. ಪೊಲೀಸಮ್ಮ ಎಂದು ನಕ್ಕವರು ತಮ್ಮ ತಮ್ಮ ಅಂಗೈ ನೋಡಿಕೊಂಡರು.

ಅಂಗಡಿಯವನು ನಡೆದುಬಂದು, ಸ್ಟಿಯರಿಂಗಿನ ಕೆಳಗೆ ಮಂಡಿಯೂರಿ ಫ್ಯೂಸಿನ ಡಬ್ಬಿ ತೆರೆದ. “ದುಂಬಿ ಅಂದ್ರೆ ಪೆಟ್ರೋಲ್ ಟ್ಯಾಂಕಿನ ಒಳಗಿರೋ ಪಂಪು” ಎಂದ, ಯಾರನ್ನೂ ನೋಡದೆ. “ಅದಕ್ಕೆ ಕರೆಂಟ್ ಬರ್ತಿಲ್ಲ.” ಪಂಪಿಗೆ ಕರೆಂಟ್ ಹರಿಸುವ ಪುಟ್ಟದೊಂದು ರಿಲೇ ಕಿತ್ತು ಮೂಸಿದ. ಸುಟ್ಟಿತ್ತು. ಹಾರ್ನಿನ ರಿಲೇ ತೆಗೆದು ಆ ಜಾಗಕ್ಕೆ ಒತ್ತಿದ.

“ಹಾರ್ನ್ ಇರಲ್ಲ ಅತ್ತಿಗೆ. ಪರವಾಗಿಲ್ವಾ?”

“ಯಾಕೆ ಬೇಕು? ನಿಧಾನ ಹೋಗೋಣ.”

ಕೀಲಿ ತಿರುಗಿತು. ವ್ಯಾನು ಹತ್ತಿಕೊಂಡಿತು. ಯಾರೂ ಜಯಘೋಷ ಮಾಡಲಿಲ್ಲ. ಅಂಗಡಿಯವನು ಅವಳ ಹಿಂದೆಯೇ ವ್ಯಾನು ಹತ್ತಿ ಗೆಳೆಯನ ಕಾಲ ಬಳಿ ಕೂತ.

*

ಸ್ಮಶಾನದಲ್ಲಿ ಚಾಲಕ ಎಂಜಿನ್ ಆರಿಸಲಿಲ್ಲ. ಮತ್ತೆ ಕೈಕೊಟ್ಟರೆ ಎಂಬ ಭಯ ಅವನಿಗೆ. ದೊರೆಯನ್ನು ಇಳಿಸಿದಾಗ, ಮಗ ಮೊದಲ ಹಿಡಿ ಮಣ್ಣು ಹಾಕಿದಾಗ, ಸನಿಕೆಗಳು ಆಡಿದಾಗ ಅದು ಗೇಟಿನ ಬಳಿ ಗುರುಗುಡುತ್ತಲೇ ಇತ್ತು.

ಎಲ್ಲ ಮುಗಿದು ಜನ ಹೊರಟರೂ ಅಂಗಡಿಯವನು ಹಸಿ ಮಣ್ಣಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೇ ಇದ್ದ. ಅವನ ತುಟಿಗಳು ಆಡುತ್ತಿದ್ದವು. ಎಂಜಿನ್ನಿನ ಗದ್ದಲಕ್ಕೆ ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಅವಳು ಗೇಟಿನವರೆಗೆ ನಡೆದುಹೋಗಿ ಚಾಲಕನ ಕಿಟಕಿ ತಟ್ಟಿದಳು.

“ಆರಿಸಪ್ಪ.”

“ಮತ್ತೆ ಹತ್ತದಿದ್ರೆ ಅಮ್ಮ?”

“ಹತ್ತದಿದ್ರೆ ನಡ್ಕೊಂಡು ಹೋಗ್ತೀವಿ.”

ಅವನು ಆರಿಸಿದ. ಆಗ ಗೇಟಿನವರೆಗೂ ಆ ದನಿ ಕೇಳಿಸಿತು. ಅವಸರವಿಲ್ಲದೆ, ನಡುನಡುವೆ ಉಸಿರೆಳೆದುಕೊಳ್ಳುತ್ತ ಅವನು ಸುದ್ದಿ ಹೇಳುತ್ತಿದ್ದ. “...ಅಂಗಡಿ ಮಾಡು ಸೋರ್ತಿತ್ತಲ್ಲ, ಹೊಸ ಶೀಟ್ ಹಾಕಿಸಿದೆ. ಮಗಳಿಗೆ ಮದುವೆ ಆಯ್ತು ಕಣೋ. ಹುಡುಗ ಒಳ್ಳೆಯವನು, ನಿನ್ ಥರಾನೇ ಮಾತು ಕಮ್ಮಿ. ಒಬ್ಬ ಮೊಮ್ಮಗ ಇದಾನೆ. ಇನ್ನೇನಪ್ಪ... ಹಾಂ, ಅಮ್ಮ. ಅಮ್ಮ ಕೊನೇವರೆಗೂ...”

ಗೇಟಿನ ಬಳಿ ಯಾರೂ ವ್ಯಾನು ಹತ್ತಲಿಲ್ಲ. ಮಗ ಹಿಂದಿನ ಬಾಗಿಲು ಹಿಡಿದು ನಿಂತ, ಮುಚ್ಚಿದರೆ ಸದ್ದಾದೀತೆಂದು ಅದನ್ನು ತೆರೆದೇ ಇಟ್ಟು.