ಕಿವಿಯಕ್ಕ ಹೇಳಿದ ಸುಳ್ಳು

ಹಳೇ ಮೆಷಿನ್ ಕೊಳ್ಳಲು ಹೋಗುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಮಾರುವವನ ಮುಖ ನೋಡುತ್ತಾರೆ, ಮನೆಗೆ ತಂದ ಮೇಲೆ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ಕಿವಿಯಕ್ಕ ಬಣ್ಣವನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಶೆಡ್ಡಿನೊಳಗೆ ಕಾಲಿಟ್ಟವಳೇ ಮೇಜಿನ ಮೇಲಿದ್ದ, ಮರ ಕೊಯ್ಯುವ ದೊಡ್ಡ ಚೈನ್‌ಸಾದ ಇಂಜಿನ್ನಿಗೆ ಅಂಗೈ ತಾಗಿಸಿದಳು.

"ಬಿಸಿ ಇದೆಯಲ್ಲಣ್ಣ."

"ನೀವು ಬರ್ತೀರಿ ಅಂತ ಈಗ ತಾನೇ ಒಂದ್ಸಲ ಸ್ಟಾರ್ಟ್ ಮಾಡಿದ್ದೆ," ಎಂದ ಶೆಡ್ಡಿನವನು.

"ನಾವು ಬರ್ತೀವಿ ಅಂತ ಟೀ ಕಾಯಿಸಿಡಬೇಕಿತ್ತು. ನೀವು ಮೆಷಿನ್ ಕಾಯಿಸಿಟ್ಟಿದೀರಿ."

ಅವನು ನಕ್ಕ, ಆದರೆ ಕಿವಿ ಕೆಂಪಾಯಿತು. ಬಿಸಿಯಾಗಿರುವ ಇಂಜಿನ್ನು ಯಾರು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತದೆ. ಅದರ ಬಂಡವಾಳ ಗೊತ್ತಾಗುವುದು ತಣ್ಣಗಿರುವಾಗ. ಇದು ಅವನಿಗೂ ಗೊತ್ತು, ಅವಳಿಗೂ ಗೊತ್ತು. "ಆರಲಿ ಬಿಡಿ, ನಮಗೇನೂ ಅವಸರವಿಲ್ಲ," ಎಂದು ಅವಳು ಮರದ ದಿಮ್ಮಿಯೊಂದರ ಮೇಲೆ ಕುಳಿತೇಬಿಟ್ಟಳು. ಅವನು ನಿಜವಾಗಿಯೂ ಟೀ ಕಾಯಿಸಲು ಹೋದ.

ಮರ ಕಡಿಯುವವರ ನಡುವೆ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸದ್ದು ಕೇಳಿಯೇ ಮೆಷಿನ್ನಿನ ಹೊಟ್ಟೆಯೊಳಗಿನ ಕಾಯಿಲೆ ಹೇಳುತ್ತಾಳೆ ಎಂದು ಯಾರೋ ಒಬ್ಬ ಕಿವಿಯಕ್ಕ ಎಂದ, ಅದೇ ನಿಂತುಬಿಟ್ಟಿತು. ಗಂಡ ಮರ ಹತ್ತಿ ಕೊಯ್ಯುತ್ತಿದ್ದ. ಅವಳು ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದಳು, ಸಂಜೆ ಚೈನಿನ ಹಲ್ಲುಗಳಿಗೆ ಅರ ಹಾಕಿ ಮಸೆಯುತ್ತಿದ್ದಳು, ಕೆಟ್ಟದ್ದನ್ನು ಬಿಚ್ಚಿ ಸರಿಮಾಡುತ್ತಿದ್ದಳು. ಹದಿನೆಂಟು ವರ್ಷದಿಂದ ಹೀಗೇ. ಬೇರೆ ಕೆಲಸಗಾರರೂ ಕೊಳ್ಳುವ ಮುಂಚೆ ಅವಳನ್ನೇ ಕರೆಯುತ್ತಿದ್ದರು. ಅವಳು ಹೂಂ ಎಂದರೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಉಹೂಂ ಎಂದರೆ ಆ ಮೆಷಿನ್ನನ್ನು ಮತ್ತೆ ಯಾರೂ ಮೂಸಿ ನೋಡುತ್ತಿರಲಿಲ್ಲ. ಅಷ್ಟು ತೂಕದ ಮಾತನ್ನು ಅವಳೂ ಹುಷಾರಾಗಿಯೇ ಆಡುತ್ತಿದ್ದಳು. ಸ್ವಂತ ತಮ್ಮ ಮಾರಲು ಹೊರಟಿದ್ದ ಮೆಷಿನ್ನನ್ನೇ "ಗುಜರಿಗೆ ಹಾಕು" ಎಂದುಬಿಟ್ಟಿದ್ದಳು. ಆರು ತಿಂಗಳು ಅವನು ಅವಳ ಜೊತೆ ಮಾತು ಬಿಟ್ಟಿದ್ದ.

ಇವತ್ತು ಗಂಡನ ಜೊತೆ ಬಂದದ್ದು ಬೇರೆಯವರಿಗಾಗಿ ಅಲ್ಲ, ತಮಗಾಗಿಯೇ. ಕಳೆದ ತಿಂಗಳು ಮರದ ಮೇಲಿಂದ ಅವರ ಹಳೇ ಗರಗಸ ಬಿದ್ದಿತ್ತು, ಅವಳು ನಿಂತಿದ್ದ ಜಾಗದಿಂದ ಒಂದೇ ಮಾರು ದೂರಕ್ಕೆ. ಸೊಂಟದ ಪಟ್ಟಿಗೆ ಅದನ್ನು ಸಿಕ್ಕಿಸುವ ಕೊಕ್ಕೆ ಸರಿಯಾಗಿ ಕಚ್ಚಿರಲಿಲ್ಲ. ಇಳಿದು ಬಂದ ಗಂಡ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಆಮೇಲೆ ಗರಗಸವನ್ನು ಬಾಯಿಗೆ ಬಂದಂತೆ ಬೈದ. "ಇದರ ನಡುಕಕ್ಕೆ ಕೈ ಜೋಮು ಹಿಡಿಯುತ್ತೆ. ನಡುಕ ತಡೆಯೋ ರಬ್ಬರ್ ಬುಷ್ಷೆಲ್ಲ ಸತ್ತು ಹೋಗಿದೆ. ಒಂದು ಒಳ್ಳೆ ಮೆಷಿನ್ ಇದ್ದಿದ್ರೆ ಹೀಗಾಗ್ತಿತ್ತಾ?"

ಬುಷ್ಷು ಸತ್ತಿದ್ದೇನೋ ನಿಜ. ಬೆಳಗಿನ ಚಳಿಯಲ್ಲಿ ಅವನ ಬೆರಳುಗಳು ತುದಿಯಿಂದ ಗಂಟಿನವರೆಗೆ ಬಿಳುಚಿಕೊಳ್ಳುತ್ತಿದ್ದದ್ದೂ ನಿಜ. ಮನೆಯಲ್ಲಿ ಎರಡು ಸಲ ಲೋಟ ಜಾರಿತ್ತು. ಎರಡು ಸಲವೂ ಅವನು ಲೋಟಕ್ಕೇ ಬೈದಿದ್ದ. ತಪ್ಪು ಹಳೇ ಗರಗಸದ್ದು, ನಡುಗದ ಮೆಷಿನ್ ಬಂದರೆ ಕೈ ತಾನಾಗಿ ಸರಿಹೋಗುತ್ತದೆ ಎಂದು ಅವನು ಹೇಳುತ್ತಿದ್ದ, ಅವಳು ನಂಬುತ್ತಿದ್ದಳು. ನಂಬದೆ ಏನು ಮಾಡುವುದು? ತಪ್ಪು ಕೈಯದೇ ಆಗಿದ್ದರೆ ಅವನಿಗೆ ಬೇರೆ ಕೆಲಸ ಬಾರದು. ಅದಕ್ಕಿಂತ ಹೆಚ್ಚಾಗಿ, ಅವನು ಕೆಲಸ ಬಿಡುವ ಆಸಾಮಿಯೂ ಅಲ್ಲ. ಮತ್ತೆ ಹತ್ತುತ್ತಾನೆ. ಮುಂದಿನ ಸಲ ಬೀಳುವುದು ಗರಗಸವೋ, ಅವನೋ, ಒಂದು ಮಾರು ದೂರಕ್ಕೋ, ನೇರ ಅವಳ ನೆತ್ತಿಯ ಮೇಲೋ, ಯಾರು ಕಂಡವರು.

ಟೀ ಬಂತು. ಶೆಡ್ಡಿನವನು ತನ್ನ ಕತೆಯನ್ನೂ ಹೇಳಿದ. ಮರ ಕಡಿಯುವುದು ಬಿಟ್ಟು ಈಗ ಹಲಗೆ ಸೀಳುವ ಮಿಲ್ಲು ಹಾಕಿದ್ದಾನೆ, ಇದೊಂದು ಗರಗಸ ಸುಮ್ಮನೆ ಬಿದ್ದಿದೆ, ಅದನ್ನು ಆರು ವರ್ಷ ಮಗುವಿನ ಹಾಗೆ ಸಾಕಿದ್ದಾನೆ, ಹೀಗೆ. ಎಲ್ಲವನ್ನೂ ಅವನು ಗಂಡನ ಮುಖ ನೋಡಿಕೊಂಡೇ ಹೇಳಿದ. ಗಂಡ ಹೆಬ್ಬೆರಳಿನಿಂದ ಪಕ್ಕಕ್ಕೆ ತೋರಿಸಿದ. "ನನಗೇನು ಹೇಳ್ತೀರಿ ಅಣ್ಣ, ನಾನು ಬರೀ ಕೊಯ್ಯೋನು. ಹೂಂ ಅನ್ನೋರು, ಉಹೂಂ ಅನ್ನೋರು ಅಲ್ಲಿ ಕೂತಿದಾರೆ."

ಇಂಜಿನ್ನು ಆರಿದ ಮೇಲೆ ಕಿವಿಯಕ್ಕ ಎದ್ದಳು. ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಇಡೀ ಮೆಷಿನ್ನನ್ನು ಗಾಳಿಯಲ್ಲಿ ತೂಗುಬಿಟ್ಟಳು. ಸವೆದ ಇಂಜಿನ್ನಾದರೆ ಸರ್ರೆಂದು ಕೆಳಗಿಳಿಯುತ್ತದೆ. ಇದು ಒಲ್ಲೆ ಒಲ್ಲೆ ಎನ್ನುತ್ತಾ, ನಿಂತು ನಿಂತು ಇಳಿಯಿತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ಇಣುಕಿದಳು. ಪಿಸ್ಟನ್ನಿನ ಮೈಮೇಲೆ ಒಂದು ಗೀರಿಲ್ಲ. ಚೈನ್ ಓಡುವ ಬಾರಿನ ಎರಡು ಅಂಚೂ ಒಂದೇ ಎತ್ತರಕ್ಕಿದ್ದವು. ಹಿಡಿಗೂ ಇಂಜಿನ್ನಿಗೂ ನಡುವಿನ ಬುಷ್ಷುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಈಚೆಗೆ ಬದಲಿಸಿದ ಹೊಸವು, ಒತ್ತಿದರೆ ಒಳಗೆ ಹೋಗಿ ಥಟ್ಟನೆ ಮರಳುತ್ತಿದ್ದವು. ಅವಳಿಗೆ ಹೊಟ್ಟೆ ತಣ್ಣಗಾಯಿತು. ಇದೇ ಬೇಕಿತ್ತು, ಇದೇ.

ಮೂರನೆಯ ಎಳೆತಕ್ಕೆ ಇಂಜಿನ್ನು ಶುರುವಾಯಿತು. ಅವಳು ಕಣ್ಣು ಮುಚ್ಚಿದಳು. ಶೆಡ್ಡಿನವನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಕೈಕಟ್ಟಿ ನಿಂತಿದ್ದ. ಮೆಷಿನ್ನನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ಸದ್ದು ಎಲ್ಲಿಯೂ ತೊದಲಲಿಲ್ಲ. ಬಾರಿನ ತುದಿಯನ್ನು ರಟ್ಟಿನ ಮುಂದೆ ಹಿಡಿದಾಗ ಚೈನಿಗೆ ಹೋಗುವ ಎಣ್ಣೆ ಸಣ್ಣ ಗೆರೆಯಾಗಿ ಸಿಡಿಯಿತು. ಆಫ್ ಮಾಡಿ, "ಚೆನ್ನಾಗಿ ಸಾಕಿದೀರಿ ಅಣ್ಣ," ಎಂದಳು. ಅವಳ ಬಾಯಿಂದ ಆ ಮಾತು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು.

"ಇನ್ನು ನೀವು ಕೊಯ್ದು ನೋಡಿ," ಎಂದು ಗಂಡನ ಕೈಗೆ ಕೊಟ್ಟಳು.

ಹಿತ್ತಲಲ್ಲಿ ತೊಡೆಗಾತ್ರದ ದಿಮ್ಮಿಯೊಂದು ಎರಡು ಅಡ್ಡ ತೊಲೆಗಳ ಮೇಲಿತ್ತು. ಅವನು ಕಾಲು ಅಗಲಿಸಿ ನಿಂತ. ನಿಂತರೆ ಅವನ ಹಾಗೆ ನಿಲ್ಲಬೇಕು. ಚೈನು ಮರಕ್ಕೆ ಇಳಿಯಿತು, ಹೊಟ್ಟಿನ ಬದಲು ಉದ್ದುದ್ದ ಎಳೆಗಳು ಸುರಿದವು, ಬಿಲ್ಲೆಯೊಂದು ಕಳಚಿ ಕೆಳಗೆ ಬಿತ್ತು. ಅವನ ಮುಖ ಅರಳಿತು. ಎರಡನೆಯ ಬಿಲ್ಲೆ, ಮೂರನೆಯ ಬಿಲ್ಲೆ.

ಕಿವಿಯಕ್ಕ ತಲೆ ಓರೆ ಮಾಡಿದ್ದು ಎರಡನೆಯದರಲ್ಲಿ. ಮೂರನೆಯದನ್ನು ಅವಳು ಕಿವಿಗೊಟ್ಟು ಕೇಳಿದಳು.

ಮರ ತುಂಡಾದ ಕೂಡಲೇ ಕೊಯ್ಯುವವನ ಬೆರಳು ಎಕ್ಸಲೇಟರ್ ಬಿಡಬೇಕು. ಬಿಟ್ಟರೆ ಇಂಜಿನ್ನು ತಗ್ಗುತ್ತದೆ. ಇಲ್ಲಿ ಬಿಲ್ಲೆ ನೆಲ ಮುಟ್ಟಿದ ಮೇಲೂ ಇಂಜಿನ್ನು ಅರೆಕ್ಷಣ ಕಿರುಚಿಕೊಂಡು, ಆಮೇಲೆ ತಗ್ಗುತ್ತಿತ್ತು. ಈ ಅರೆಕ್ಷಣ ಅವಳಿಗೆ ಚಿರಪರಿಚಿತ. ಎರಡು ವರ್ಷದಿಂದ ಅದು ಅವರ ಹಳೇ ಗರಗಸದಲ್ಲಿತ್ತು. ಎಕ್ಸಲೇಟರ್ ತಂತಿ ಅಂಟುತ್ತಿದೆ ಎಂದು ಅವಳೇ ತಂತಿಯನ್ನು ಎರಡು ಸಲ ಬದಲಿಸಿದ್ದಳು, ಸ್ಪ್ರಿಂಗನ್ನು ಒಂದು ಸಲ. ಹೋಗಿರಲಿಲ್ಲ. ಹಾಳು ಹಳೇ ಮೆಷಿನ್ ಎಂದು ಕೈಬಿಟ್ಟಿದ್ದಳು.

"ಇಲ್ಲಿ ಕೊಡಿ," ಎಂದಳು. ತಾನೇ ಎಕ್ಸಲೇಟರ್ ಒತ್ತಿ ಬಿಟ್ಟಳು. ಇಂಜಿನ್ನು ಥಟ್ಟನೆ ತಗ್ಗಿತು. ಮತ್ತೆ ಒತ್ತಿದಳು, ಬಿಟ್ಟಳು. ಥಟ್ಟನೆ. ಹತ್ತು ಸಲ ಮಾಡಿದಳು. ಒಂದು ಸಲವಾದರೂ ಅಂಟಬಾರದೇ ಎಂದು ಒಳಗೊಳಗೇ ಬೇಡಿಕೊಂಡಳು. ಮೆಷಿನ್ನು ಒಳ್ಳೆಯದಿರಲಿ ಎಂದು ಹಾರೈಸಿಕೊಂಡು ಬಂದವಳು ಈಗ ಅದರಲ್ಲಿ ಒಂದೇ ಒಂದು ದೋಷಕ್ಕಾಗಿ ತಡಕಾಡುತ್ತಿದ್ದಳು. ಗಂಡ ಬಿಲ್ಲೆಯೊಂದನ್ನು ಎತ್ತಿಕೊಂಡು ಅದರ ನುಣುಪನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಸವರುತ್ತಿದ್ದದ್ದು ಒರಟು ತೊಗಟೆಯ ಕಡೆಯನ್ನು. ಅದು ಅವನಿಗೆ ಗೊತ್ತಿರಲಿಲ್ಲ.

"ಏನಂತೀರಿ ಅಕ್ಕ?" ಎಂದ ಶೆಡ್ಡಿನವನು.

ಅವಳು ಆಫ್ ಮಾಡಿ ಗರಗಸವನ್ನು ನೆಲಕ್ಕಿಟ್ಟಳು. "ಬೇಡ ಅಣ್ಣ. ಒಳಗೆ ಬೇರಿಂಗ್ ಸದ್ದಿದೆ."

"ಬೇರಿಂಗಾ? ಈಗ ತಾನೇ ಚೆನ್ನಾಗಿದೆ ಅಂದ್ರಲ್ಲ."

"ಬಿಸಿಯಾದ ಮೇಲೆ ಬರ್ತಾ ಇದೆ. ಸಣ್ಣಗೆ. ನಿಮಗೆ ಕೇಳ್ಸಲ್ಲ."

ಅವನ ಮುಖ ಸಪ್ಪಗಾಯಿತು. ವಾದ ಮಾಡಲಿಲ್ಲ, ಅವಳ ಕಿವಿಯ ಮುಂದೆ ವಾದ ಮಾಡಿದವರು ಯಾರಿದ್ದಾರೆ? ಬಗ್ಗಿ ಮೆಷಿನ್ನಿನ ಮೇಲೆ ಬಿದ್ದಿದ್ದ ಹೊಟ್ಟನ್ನು ಅಂಗೈಯಿಂದ ಒರೆಸಿದ. "ನೀವು ಹೀಗಂದ್ರಿ ಅಂತ ಗೊತ್ತಾದ್ರೆ ಇದನ್ನ ಇನ್ಯಾರೂ ಮುಟ್ಟಲ್ಲ," ಎಂದಷ್ಟೇ ಹೇಳಿದ. ಅವಳಿಗೆ ನಾಚಿಕೆಯಿಂದ ಕಣ್ಣೆತ್ತಲಾಗಲಿಲ್ಲ. ಹದಿನೆಂಟು ವರ್ಷದಲ್ಲಿ ಒಳ್ಳೆಯ ಮೆಷಿನ್ನಿಗೆ ಹೆಸರಿಟ್ಟದ್ದು ಇದೇ ಮೊದಲು. ಆದರೂ ಇದನ್ನು ಮನೆಗೆ ಒಯ್ದರೆ ಅವನು ನಾಳೆಯೇ ಹತ್ತುತ್ತಾನೆ. ಒಯ್ಯದಿದ್ದರೆ ಒಂದು ವಾರ ಸಿಗುತ್ತದೆ, ಆ ವಾರದಲ್ಲಿ ಏನಾದರೂ ಹೇಳಿ, ಹೇಗಾದರೂ ಮಾಡಿ... ಅವಳಿಗೆ ಅದಕ್ಕಿಂತ ಮುಂದೆ ಯೋಚನೆ ಓಡಲಿಲ್ಲ.

ಗಂಡ ಬಿಲ್ಲೆಯನ್ನು ಕೆಳಗಿಟ್ಟ.

"ಬೇರಿಂಗ್ ಹೋಗಿದ್ರೆ ನೀನು ಮೊದಲನೇ ಎಳೆತಕ್ಕೇ ಹೇಳ್ತಿದ್ದೆ," ಎಂದ.

"ಬಿಸಿಯಾದ ಮೇಲೆ ಅಂದೆನಲ್ಲ."

"ಇಷ್ಟು ವರ್ಷ ನಿನ್ನ ಜೊತೆ ಬಾಳ್ವೆ ಮಾಡಿದೀನಿ. ನಿನ್ನ ತಮ್ಮನ ಮೆಷಿನ್ನಿಗೂ ನೀನು ಇಲ್ಲದ ದೋಷ ಹೇಳ್ಲಿಲ್ಲ, ಇರೋದನ್ನ ಮುಚ್ಚಿಡ್ಲೂ ಇಲ್ಲ." ಅವನು ಶೆಡ್ಡಿನವನ ಕಡೆ ತಿರುಗಿದ. "ಅಣ್ಣ, ನಿಮ್ಮ ಗರಗಸಕ್ಕೆ ಏನೂ ಆಗಿಲ್ಲ. ಅವಳು ಸುಳ್ಳು ಹೇಳ್ತಿದಾಳೆ. ಅವಳು ಸುಳ್ಳು ಹೇಳ್ತಾಳೆ ಅಂದ್ರೆ ಕೆಟ್ಟಿರೋದು ನನ್ನ ಕೈಯೇ."

ಶೆಡ್ಡಿನವನು ಗಂಡನ ಕೈ ನೋಡಿದ. ಅದು ಬಿಳುಚಿಕೊಂಡಿತ್ತು, ನಾಲ್ಕು ಬೆರಳೂ, ಗಂಟಿನವರೆಗೆ. ಲೋಟ ತೊಳೆದಿಡುತ್ತೇನೆ ಎಂದು ಏನೋ ಗೊಣಗಿ ಅವನು ಒಳಗೆ ಹೋದ. ಒಳ್ಳೆಯ ಮನುಷ್ಯ.

ಕಿವಿಯಕ್ಕ ಗಂಡನ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ತಿಕ್ಕತೊಡಗಿದಳು. "ಯಾವಾಗಿಂದ ಗೊತ್ತು ನಿಮಗೆ?"

"ಗೊತ್ತಿತ್ತು, ಗೊತ್ತಿರ್ಲಿಲ್ಲ. ಆವತ್ತು ಕೊಕ್ಕೆ ಹಾಕ್ದಾಗ ಅದು ಕಚ್ಚಿಕೊಳ್ತು ಅಂದ್ಕೊಂಡೆ. ಬೆರಳಿಗೆ ಗೊತ್ತಾಗ್ಲಿಲ್ಲ. ನೀನು ಕೆಳಗೇ ಇದ್ದೆ." ಅವನು ನೆಲದ ಮೇಲಿದ್ದ ಗರಗಸವನ್ನು ನೋಡಿದ. "ಈ ಹೊಸದರಲ್ಲಾದ್ರೂ ಸರಿಹೋಗುತ್ತೆ ಅಂತ ಬಂದೆ. ಮೂರು ಬಿಲ್ಲೆ ಕೊಯ್ದಾಗ ಸರಿಹೋಯ್ತು ಅಂತಲೇ ಅನ್ಕೊಂಡಿದ್ದೆ, ನೋಡು."

ಅವಳಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಅಳುತ್ತಲೇ ತಿಕ್ಕಿದಳು. "ಈಗ ಗೊತ್ತಾಗ್ತಿದೆಯಾ?"

"ಬಿಸಿ ಗೊತ್ತಾಗುತ್ತೆ. ನಿನ್ನ ಬೆರಳು ಗೊತ್ತಾಗಲ್ಲ."

ಅವನು ಕೈ ಬಿಡಿಸಿಕೊಳ್ಳದೆ ಹೇಳಿದ: "ಕೆಳಗೆ ನಿಂತು ಹಗ್ಗ ಹಿಡೀತೀನಿ ಅನ್ನೋಣ ಅಂದ್ರೆ, ಅದಕ್ಕೂ ಕೈಯೇ ಬೇಕು."

"ಮರ ಎತ್ತ ವಾಲುತ್ತೆ ಅಂತ ದೂರದಿಂದಲೇ ಹೇಳ್ತೀರಲ್ಲ, ಅದಕ್ಕೆ ಬೆರಳು ಬೇಕಾ? ಹತ್ತೋರು ಸಿಗ್ತಾರೆ. ಮೊದಲು ಡಾಕ್ಟರ ಹತ್ರ ಹೋಗೋಣ. ಇವತ್ತೇ."

ಬೈಯುತ್ತಾನೆ ಎಂದು ಅವಳು ಕಾದಳು. ಅವನು ಬೈಯಲಿಲ್ಲ, ಹೂಂ ಎಂದ.

ಶೆಡ್ಡಿನವನು ಹೊರಗೆ ಬಂದಾಗ ಕಿವಿಯಕ್ಕ ಅವನ ಮುಂದೆ ನಿಂತಳು. "ತಪ್ಪಾಯ್ತಣ್ಣ. ಬೇರಿಂಗ್ ಸರಿಯಾಗಿದೆ. ಯಾರು ಕೇಳಿದ್ರೂ ನಾನೇ ಹೇಳ್ತೀನಿ, ಇಂಥ ಮೆಷಿನ್ ನಾನು ಈ ವರ್ಷ ನೋಡಿಲ್ಲ. ಇವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀನಿ. ಒಂದು ವಾರ ಯಾರಿಗೂ ಕೊಡದೆ ಇಟ್ಕೊಂಡಿರ್ತೀರಾ? ಇದನ್ನ ಹಿಡಿಯೋರು ಯಾರು ಅಂತ ನಮಗಿನ್ನೂ ಗೊತ್ತಿಲ್ಲ."

"ವಾರ ಯಾಕೆ, ತಿಂಗಳು ಇಡ್ತೀನಿ," ಎಂದ ಅವನು. ಆಮೇಲೆ, ಕೇಳಬೇಕೋ ಬೇಡವೋ ಎಂದು ತಡವರಿಸಿ, "ಡಾಕ್ಟರ ಹತ್ರ ಹೋದಾಗ ಅವರು ಏನಂದ್ರು ಅಂತ ನನಗೂ ಹೇಳಿ ಅಕ್ಕ," ಎಂದು ತನ್ನ ಎಡಗೈಯನ್ನು ಜೇಬಿನಿಂದ ತೆಗೆಯದೆಯೇ ಹೇಳಿದ. ಕಿವಿಯಕ್ಕ ಆ ಜೇಬನ್ನು ನೋಡಿ ತಲೆಯಾಡಿಸಿದಳು.

ಹೊರಡುವ ಹೊತ್ತಿಗೆ ಗಾಳಿ ಬೀಸತೊಡಗಿತ್ತು. ಗಂಡ ಜಾಕೆಟ್ಟಿನ ಜಿಪ್ಪನ್ನು ಕೂಡಿಸಲು ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ನಿನ್ನೆಯಾಗಿದ್ದರೆ ಸೆಕೆ ಎಂದು ಹೇಳಿ ತೆರೆದೇ ಬಿಡುತ್ತಿದ್ದ. ಇವತ್ತು ಶೆಡ್ಡಿನವನು ನೋಡುತ್ತಿದ್ದಂತೆಯೇ ಅವನು ಹೆಂಡತಿಯ ಮುಂದೆ ಬಂದು ನಿಂತ.

"ಇದನ್ನ ಹಾಕಿಕೊಡು," ಎಂದ. "ನನ್ನ ಕೈಲಾಗ್ತಿಲ್ಲ."

ಅವಳು ಜಿಪ್ಪನ್ನು ಕೂಡಿಸಿ ಗಲ್ಲದವರೆಗೂ ಎಳೆದಳು.