ದಾರ ಕಟ್ಟಿದ ಮೀನು

“ತುಟಿಗೆ ಚುಚ್ಚೇ, ಮುಂಡೆ! ಕಿವಿರಿಗೆ ಚುಚ್ಚಿದ್ರೆ ಸತ್ತೋಗುತ್ತೆ. ಸತ್ತ ಮೀನು ತೋರ್ಸಿ ನಾನು ಮರ್ಯಾದೆ ಕಳ್ಕೊಳ್ಲಾ?”

ಎಂಜಿನಿಯರ್ ಹೀಗೆ ಕೂಗಿದ್ದು ನನ್ನ ಅತ್ತೆಗೆ. ಅವನ ತಾಯಿಯ ವಯಸ್ಸಿನವಳು. ಹೊಳೆಯ ಎದೆಮಟ್ಟದ ನೀರಿನಲ್ಲಿ ನಿಂತು, ಬುಟ್ಟಿಯಲ್ಲಿ ಹಿಡಿದ ಮೀನನ್ನು ಕಂಕುಳಲ್ಲಿ ಅದುಮಿಕೊಂಡು, ಅದರ ತುಟಿಗೆ ನೈಲಾನ್ ದಾರ ಪೋಣಿಸುತ್ತಿದ್ದಳು. ಪಕ್ಕದಲ್ಲಿ ನಾನು ಇನ್ನೊಂದನ್ನು ಹಿಡಿದಿದ್ದೆ.

ಅಣೆಕಟ್ಟಿನ ಮಗ್ಗುಲಲ್ಲಿ ಮೀನು ಹತ್ತಿಹೋಗಲೆಂದು ಸಿಮೆಂಟಿನ ಮೆಟ್ಟಿಲುಗಾಲುವೆ ಕಟ್ಟಿದ್ದಾರೆ. ನಡುವೆ ಒಂದು ಕಡೆ ಗೋಡೆಗೆ ಗಾಜು. ಗಾಜಿನಾಚೆ ದೊಡ್ಡವರು ಕೂತು ನೋಡಲು ಕೋಣೆ, ಮೆತ್ತನೆ ಕುರ್ಚಿ. ಆದರೆ ಮೊಟ್ಟೆಯಿಡಲು ಹೊರಟ ಮೀನು, ನೀರು ಎಲ್ಲಿ ರಭಸವಾಗಿ ಎದುರು ಬರುತ್ತದೋ ಅಲ್ಲಿಗೇ ನುಗ್ಗುತ್ತದೆ. ಮೆಟ್ಟಿಲಲ್ಲಿ ಇಳಿಯುವುದು ಮಗು ಉಚ್ಚೆ ಹೊಯ್ದಷ್ಟು ನೀರು. ರಭಸವೆಲ್ಲ ಕರೆಂಟು ಯಂತ್ರದಿಂದ ನೀರು ಹೊರಬೀಳುವ ಬಾಯಲ್ಲಿ. ಮೀನೆಲ್ಲ ಅಲ್ಲಿಗೇ ಹೋಗಿ, ಕಂಬಿಗೆ ತಲೆ ಚಚ್ಚಿಕೊಂಡು, ಹೊಟ್ಟೆ ಮೇಲಾಗಿ ತೇಲುತ್ತವೆ.

“ಮೆಟ್ಲಿಗೆ ಇನ್ನೊಂಚೂರು ನೀರು ಬಿಡಿ ಸ್ವಾಮಿ, ತಾವೇ ಹತ್ತುತ್ವೆ,” ಅಂದೆ.

“ನಂಗೊತ್ತಿಲ್ವೇನೇ? ನೀರು ಅಲ್ಲಿ ಬಿಟ್ರೆ ಕರೆಂಟು ನಿಮ್ಮಪ್ಪ ಕೊಡ್ತಾನಾ?”

ಗೊತ್ತಿದೆ ನನ್ಮಗನಿಗೆ. ಗೊತ್ತಿದ್ದೇ ಮಾಡುವುದು.

ನಮ್ಮ ಕೇರಿಯ ಬಲೆಗಳೆಲ್ಲ ಜಪ್ತಿಯಾಗಿ ಅವನ ಗೋದಾಮಿನಲ್ಲಿದ್ದವು. ಮೀನು ಕಡಿಮೆಯಾಗಲು ನಾವೇ ಕಾರಣವಂತೆ, ನಾವೇ ಹಿಡಿದು ತಿಂದು ಮುಗಿಸಿದೆವಂತೆ. “ಇವತ್ತು ಮೀನು ಹತ್ತೋದು ನೋಡೋಕೆ ದೊಡ್ಡ ಸಾಹೇಬ್ರು ಬರ್ತಾರೆ. ಖುಷಿಯಾದ್ರೆ ಸಂಜೆ ಬಲೆ ತಗೊಂಡ್ಹೋಗಿ,” ಎಂದಿದ್ದ. ನಮ್ಮ ಒಲೆಯಲ್ಲಿ ಬೆಕ್ಕು ಮಲಗಿ ವಾರಗಳಾಗಿದ್ದವು. ದಾರ ಕಟ್ಟಿದ ಮೀನನ್ನು ಗಾಜಿನ ಮುಂದೆ ಹತ್ತಿಸಿ ತೋರಿಸಲು ಒಪ್ಪಿಕೊಂಡೆವು.

ಸಾಹೇಬರ ಕಾರು ಬಂದಾಗ ನಮ್ಮನ್ನು ಗಾಜಿನ ನೇರಕ್ಕೆ, ಕಾಲುವೆಯಂಚಿನ ಚಪ್ಪಡಿಯ ಮೇಲೆ ಬೋರಲು ಮಲಗಿಸಿ ಟಾರ್ಪಾಲು ಹೊದಿಸಿದರು. “ಕೆಮ್ಮಿದ್ರೆ ನಾಲಿಗೆ ಸೀಳ್ತೀನಿ,” ಎಂದು ಎಂಜಿನಿಯರ್ ಒಳಗೆ ಹೋದ. ಏಳೆಂಟು ಮೀನಿನ ದಾರದ ತುದಿಗಳು ನಮ್ಮ ಕೈಯಲ್ಲಿದ್ದವು. ಬಿಟ್ಟರೆ ಮೀನು ಕೆಳಮುಖವಾಗಿ ಓಡುತ್ತದೆ. ನಾವು ಆಗಾಗ ದಾರ ಜಗ್ಗಿ ಅದರ ತಲೆ ಮೇಲ್ಮುಖವಾಗಿ ನಿಲ್ಲಿಸಬೇಕು. ದಾರ ಬೆರಳು ಕೊಯ್ಯುತ್ತಿತ್ತು.

“ಬಸುರಿ ಮೀನು ಕಣೇ ಇದು,” ಅತ್ತೆ ಪಿಸುಗುಟ್ಟಿದಳು. “ಥೂ, ನನ್ ಬಾಳಿಗೆ.”

ಕೋಣೆಯ ಕಿಟಕಿಯಿಂದ ಸಾಹೇಬರ ಮಾತು ಕೇಳಿಸಿತು.

“ವಾಹ್! ಎಷ್ಟು ಚೆನ್ನಾಗಿ ಹತ್ತುತ್ವಲ್ರೀ! ಹಾಗಾದ್ರೆ ಕಟ್ಟೆದೇನೂ ತಪ್ಪಿಲ್ಲ. ಆ ಬಲೆಯೋರದ್ದೇ ಕಳ್ಳಾಟ. ಬಲೆ ವಾಪಸ್ ಕೊಡ್ಬೇಡಿ, ಸುಟ್ಟಾಕಿ.”

“ಇವತ್ತೇ ಸುಡಿಸ್ತೀನಿ ಸಾರ್.” ಎಂಜಿನಿಯರ್ ನಗುತ್ತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕೈಯಿಂದಲೇ ನಮ್ಮ ಕಣ್ಣು ಚುಚ್ಚಿಸಿದ್ದರು.

“ಏಳೇ,” ಎಂದಳು ಅತ್ತೆ.

ಟಾರ್ಪಾಲು ಒದ್ದು ಎದ್ದೆವು. ದಾರಗಳನ್ನೆಲ್ಲ ಸೇರಿಸಿ ಒಂದೇ ಸಲ ಎಳೆದೆವು. ಗಾಜಿನ ಮುಂದಿದ್ದ ಮೀನೆಲ್ಲ ಬಾಯಿ ಮೇಲಾಗಿ ಮೇಲಕ್ಕೆದ್ದು ಮಾಯವಾದಾಗ ಒಳಗೆ ಯಾರೋ ಕಿರುಚಿದರು. ಓಡಿಹೋದ ನಮಗೆ ಕೋಣೆಯ ಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದ. ಅತ್ತೆ ಒದ್ದಾಡುವ ಮೀನಿನ ಗೊಂಚಲನ್ನೇ ಅವನ ಮುಖಕ್ಕೆ ಬೀಸಿದಳು. ಒದ್ದೆ ಸೀರೆಯಲ್ಲೇ ಒಳಗೆ ನುಗ್ಗಿ, ಗೊಂಚಲನ್ನು ಸಾಹೇಬರ ತೊಡೆಯ ಮೇಲೆ ಹಾಕಿ, ಅವರು ಏಳುವ ಮೊದಲೇ ದಾರವನ್ನು ಅವರ ಮಣಿಕಟ್ಟಿಗೆ ಸುತ್ತಿ ಗಂಟು ಬಿಗಿದಳು.

“ಹುಚ್ಚಿ ಸಾರ್ ಇವ್ಳು!” ಎಂಜಿನಿಯರ್ ಅರಚಿದ.

“ಕುಣಿಸಿ ಸಾಹೇಬ್ರೇ,” ಎಂದಳು ಅತ್ತೆ. “ನಮ್ ಕೈ ಸೋತೋಯ್ತು.”

ಸಾಹೇಬರು ಕೊಡವಿದಷ್ಟೂ ದಾರ ಚರ್ಮಕ್ಕಿಳಿಯಿತು. ಹೊರಗೆ ಬೂಟುಗಾಲುಗಳು ಓಡಿಬರುತ್ತಿದ್ದವು. ನಾನು ಒಳಗಿನಿಂದ ಬಾಗಿಲಿನ ಚಿಲಕ ಹಾಕಿದೆ.