ಮುರಾರಿಯಣ್ಣನ ಕಷಾಯ

ತಲೆಗೆ ಬಂದದ್ದು ಗಂಟಲಿಗೆ ಹೋಯಿತು. ಹಿರಿಯರು ‘ಮುಂಡಾಸಿಗೆ ಹೋಯಿತು’ ಎನ್ನುತ್ತಿದ್ದರು. ಅವರು ಮುಂಬೈಯ ಡೊಂಬಿವಲಿ ಲೋಕಲ್ ರೈಲು ಹತ್ತಿದವರಲ್ಲ. ಇಲ್ಲಿ ಮುಂಡಾಸು ಕಟ್ಟಿ ಹತ್ತಿದರೆ ಇಳಿಯುವಾಗ ಅದು ಇನ್ನೊಬ್ಬನ ತಲೆಯ ಮೇಲಿರುತ್ತದೆ. ಗಾದೆಯನ್ನು ತಿರುಚಿದ್ದು ನಾನೇ. ಕಥೆ ಮಾತ್ರ ನಡೆದದ್ದು ನಡೆದ ಹಾಗೆ.

ನಮ್ಮ ಬಿಲ್ಡಿಂಗಿನ ಮುರಾರಿಯಣ್ಣನಿಗೆ ಸ್ಟೇಷನ್ ಹತ್ತಿರ ಹೋಟೆಲು. ಭಾನುವಾರ ತಾಳಮದ್ದಳೆ: ವೇಷವಿಲ್ಲದೆ ಕೂತು, ಬರೀ ಮಾತಿನಲ್ಲಿ ರಾಕ್ಷಸನಾಗುವುದು. ಎಲ್ಲರ ದನಿಯನ್ನೂ ಅಣಕಿಸಿ ಕದಿಯುವ ನನಗೆ ಅವನ ಅಟ್ಟಹಾಸವೊಂದು ಮಾತ್ರ ದಕ್ಕಿರಲಿಲ್ಲ.

2009ರ ಗಣೇಶೋತ್ಸವ. ಸಂಜೆ ಕೂಟ. ಅವನ ತಲೆಗೂದಲಿಗೆ ಬಣ್ಣ ಗಟ್ಟಿ ಹಿಡಿಯಲಿ ಎಂದು ಹೆಂಡತಿ ಜಲಜಾಕ್ಷಿ ಕಪ್ಪು ಡೈ ಪುಡಿಯನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಕದಡಿ, ಸ್ಟೀಲ್ ಲೋಟದಲ್ಲಿಟ್ಟು, ಬೆಲ್ಲಾಯಿತೆಂದು ಬಾಗಿಲಿಗೆ ಹೋದಳು. ಪಕ್ಕದಲ್ಲೇ ಅಂಥದೇ ಲೋಟ, ಗಂಟಲಿಗೆಂದು ಕಾಸಿದ ಮೆಣಸಿನ ಕಷಾಯ. ಕಣ್ಣು ಮುಚ್ಚಿ ಮಾತು ಒಪ್ಪಿಸುತ್ತಿದ್ದ ಮುರಾರಿಯಣ್ಣ ಕೈಚಾಚಿ ಒಂದನ್ನೆತ್ತಿದ. ಕಹಿ. ಕಷಾಯ ಕಹಿಯಾದಷ್ಟೂ ಒಳ್ಳೆಯದೆಂದು ನಂಬಿದ ಜಾತಿ ನಮ್ಮದು. ತಳ ಕಾಣುವ ತನಕ ಕುಡಿದ.

“ಡೈ ಎಲ್ಲಿ?” ಜಲಜಾಕ್ಷಿ ಕೇಳಿದಳು.

“ಎಂತ ಡೈ? ನಾನು ಕಷಾಯ ಕುಡಿದದ್ದು.”

“ಕಷಾಯ ಇಲ್ಲೇ ಉಂಟಲ್ಲ.”

ನನ್ನನ್ನು ಕೂಗಿದಳು. ರಿಕ್ಷಾದಲ್ಲಿ ಅವನದೇ ತಮಾಷೆ: “ಹೊಟ್ಟೆಗೆ ಯೌವನ ಬಂತು ಮಾರಾಯ.” ಸೇತುವೆ ದಾಟುವಾಗ ತುಟಿ ಊದಿತು. ಆಸ್ಪತ್ರೆ ಕಾಣುವಾಗ ನಾಲಿಗೆ ಬಾಯಲ್ಲಿ ಹಿಡಿಸುತ್ತಿರಲಿಲ್ಲ, ಕುತ್ತಿಗೆ ಮುಖದಷ್ಟೇ ಅಗಲ. ಏನೋ ಹೇಳಹೋದ, ಸಿಳ್ಳೆಯಂಥ ಉಸಿರು ಮಾತ್ರ ಬಂತು.

ಡಾಕ್ಟರು ಜಲಜಾಕ್ಷಿ ತಂದಿದ್ದ ಲೋಟ ಮೂಸಿದರು. ಗಂಟಲಲ್ಲಿ ತೂತು ಕೊರೆದು ನಳಿಗೆ ಇಟ್ಟರು. ಉಸಿರು ಉಳಿಯಿತು, ದನಿ ಹೋಯಿತು.

ಮರುದಿನ ಮೂತ್ರದ ಚೀಲದಲ್ಲಿ ಡಿಕಾಕ್ಷನ್ನಿನ ಬಣ್ಣ.

“ಕುಡಿದದ್ದು ಹೊರಗೆ ಬರ್ತಾ ಉಂಟಾ?” ಜಲಜಾಕ್ಷಿ ಆಸೆಯಿಂದ ಕೇಳಿದಳು.

“ಅಲ್ಲ. ಮೈಯ ಸ್ನಾಯು ಕರಗುತ್ತಿದೆ, ಅದರ ಬಣ್ಣ. ಅದೇ ಕಿಡ್ನಿಯನ್ನು ಕಟ್ಟಿಹಾಕುತ್ತದೆ. ಇದಕ್ಕೆ ಪ್ರತಿಮದ್ದಿಲ್ಲ. ಡಯಾಲಿಸಿಸ್ ಮಾಡುತ್ತಾ ಕಾಯಬೇಕು.” ಡಾಕ್ಟರು ಎದೆಬಡಿತದ ಪರದೆ ನೋಡಿದರು. “ಹೃದಯವೂ ಸ್ನಾಯುವೇ.”

ಆಮೇಲೆ ಚೀಲಕ್ಕೆ ಒಂದು ಹನಿಯೂ ಬೀಳಲಿಲ್ಲ. ನಾನು ಯಾರ ದನಿಯನ್ನೂ ಅನುಕರಿಸಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಚೀಲದಲ್ಲಿ ತಿಳಿಹಳದಿ ಕಂಡಿತು. ಜಲಜಾಕ್ಷಿ ಅದಕ್ಕೇ ಕೈಮುಗಿದಳು.

ನಳಿಗೆ ತೆಗೆದರು, ಗಾಯ ಮಾಗಿತು. “ಇನ್ನು ಮಾತಾಡಿ,” ಅಂದರು ಡಾಕ್ಟರು. ಮನೆಗೆ ಬಂದರೂ ಮುರಾರಿಯಣ್ಣ ಬಾಯಿ ತೆರೆಯಲಿಲ್ಲ. ನೀರಿಗೂ ಕೈಸನ್ನೆ. ತೆರೆದಾಗ ದನಿ ಇಲ್ಲದಿದ್ದರೆ ಎಂಬ ಹೆದರಿಕೆ.

ಒಂದು ಸಂಜೆ ಅವನ ಫೋನು ಮೊಳಗಿತು. ಜಲಜಾಕ್ಷಿ ಸ್ಪೀಕರಿಗೆ ಹಾಕಿದಳು. ಕೂಟದಲ್ಲಿ ಪದ ಹಾಡಿ ಆಡಿಸುವ ಭಾಗವತ ದೇವದಾಸರ ಮೂಗಿನ ದನಿ:

“ಹ್ಹೆಂ... ಮುರಾರೀ, ನೀನು ಮಲಗಿಯೇ ಇರು. ನಿನ್ನ ರಾಕ್ಷಸನನ್ನು ಇಲ್ಲೇ ಹುಟ್ಟಿ ಬೆಳೆದ ಆ ಹುಡುಗ ಪೃಥ್ವಿರಾಜನಿಗೆ ಕೊಟ್ಟೆ. ಕನ್ನಡ ಓದ್ಲಿಕ್ಕೆ ಬರುದಿಲ್ಲ ಪಾಪ, ಮರಾಠಿಯಲ್ಲಿ ಬರ್ಕೊಂಡು ಓದ್ತಾನಂತೆ. ನಗುವಲ್ಲಿ ‘ಹಾಹಾಹಾ’ ಅಂತ ಬರ್ದು ಕೊಟ್ಟಿದ್ದೇನೆ...”

“ಯಾರನ್ನು ಕೇಳಿ ಕೊಟ್ಟದ್ದು ನೀವು?”

ತುಕ್ಕು ಹಿಡಿದ ಶಟರ್ ಎಳೆದ ಹಾಗಿತ್ತು. ತನ್ನ ದನಿ ಎಲ್ಲಿಂದ ಬಂತೆಂದು ಮುರಾರಿಯಣ್ಣನೇ ಗಂಟಲು ಮುಟ್ಟಿ ನೋಡಿಕೊಂಡ.

ಬಾಗಿಲಾಚೆ ನಿಂತಿದ್ದ ನಾನು ಫೋನನ್ನು ಕಿವಿಗಿಟ್ಟುಕೊಂಡೇ ಒಳಗೆ ಬಂದು, ದೇವದಾಸರ ಮೂಗಿನ ದನಿಯಲ್ಲೇ “ಹ್ಹೆಂ,” ಅಂದೆ.

ಜಲಜಾಕ್ಷಿ ಅಳುತ್ತಲೇ ನಕ್ಕಳು. ನಾನೂ ನಕ್ಕೆ. ಮುರಾರಿಯಣ್ಣ ಕತ್ತಿನ ಕಲೆಯ ಮೇಲೆ ಅಂಗೈ ಒತ್ತಿ ಹಿಡಿದು, ಕರಕರ ದನಿಯಲ್ಲಿ, ಕೆಳಗೆ ಸೊಸೈಟಿಯ ವಾಚ್‌ಮನ್ ತಲೆಯೆತ್ತಿ ನೋಡುವಷ್ಟು ನಕ್ಕ.